ಮುಳ್ಳುತಂತಿಯೊಳಗಿನ ಯಜಮಾನಿಕೆ: ಜರ್ಮನ್ ಕೈದಿಗಳ ಶಿಬಿರವನ್ನು ಜರ್ಮನ್ ಸಾರ್ಜೆಂಟ್‌ಗಳ ಕೈಗೇ ಬಿಟ್ಟದ್ದು ಸರಿಯೇ?

1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳು ಶರಣಾದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೇ ಕೈದಿಗಳಾದರು. ಅಷ್ಟು ಮಂದಿಯನ್ನು ಇರಿಸಿಕೊಳ್ಳಲು ಬ್ರಿಟನ್ನಿನಲ್ಲಿ ಜಾಗವೂ ಇರಲಿಲ್ಲ, ಕಾಳುಕಡ್ಡಿಯೂ ಇರಲಿಲ್ಲ. ಅದಕ್ಕೂ ಮುಂಚೆ ಆಫ್ರಿಕಾದಲ್ಲಿ ಸಿಕ್ಕ ಇಟಾಲಿಯನ್ನರಲ್ಲಿ ಸಾವಿರಾರು ಜನರನ್ನು ಬ್ರಿಟಿಷರು ಭಾರತಕ್ಕೆ ಸಾಗಿಸಿದ್ದರು. ಬೆಂಗಳೂರಿನ ಜಾಲಹಳ್ಳಿಯಲ್ಲೇ ಅವರ ಶಿಬಿರಗಳಿದ್ದವು. ಜರ್ಮನರು ಮಾತ್ರ ಹೆಚ್ಚಾಗಿ ಅಮೆರಿಕದ ಪಾಲಿಗೆ ಬಂದರು. ಯುದ್ಧಸಾಮಗ್ರಿ ಇಳಿಸಿ ಖಾಲಿ ಮರಳುತ್ತಿದ್ದ ಲಿಬರ್ಟಿ ಹಡಗುಗಳಲ್ಲೇ ಅವರನ್ನು ತುಂಬಿ ತಂದರು. 1945ರ ಹೊತ್ತಿಗೆ ಅವರ ಸಂಖ್ಯೆ 3,70,000 ದಾಟಿತ್ತು. ಸುಮಾರು 150 ಮುಖ್ಯ ಶಿಬಿರ, ಅವುಗಳ ಕೈಕೆಳಗೆ ಸುಮಾರು 500 ಉಪಶಿಬಿರ.

ಬೇಲಿಯ ಹೊರಗೆ ಪಹರೆ ಅಮೆರಿಕನ್ನರದು. ಒಳಗೆ ಬಹುತೇಕ ಕಡೆ ಜರ್ಮನ್ ಸಾರ್ಜೆಂಟ್‌ಗಳೇ ಆಳಿದರು. ಅದು ಸರಿಯಾದ ಏರ್ಪಾಡೇ? ಈ ಕುರಿತು ಎರಡು ಲೇಖನ.

ಪರ: ಇನ್ಯಾರ ಕೈಗೆ ಕೊಡಬೇಕಿತ್ತು?

ಮೊದಲು ಶಿಬಿರದ ಲೆಕ್ಕ ತಿಳಿದುಕೊಳ್ಳಬೇಕು. ಸಾಮಾನ್ಯ ನಕ್ಷೆಯ ಪ್ರಕಾರ ಒಂದು ಆವರಣಕ್ಕೆ 1,000 ಜನ, ಅಂದರೆ ತಲಾ 250 ಜನರ ನಾಲ್ಕು ಕಂಪನಿ. ಕಂಪನಿಗೆ 20 ಅಡಿ ಅಗಲ, 100 ಅಡಿ ಉದ್ದದ ಐದು ಬ್ಯಾರಕ್ಕು. ಒಂದೊಂದರಲ್ಲಿ 50 ಮಂಚ. ಜೊತೆಗೆ ಅದರದೇ ಅಡುಗೆಮನೆ ಮತ್ತು ಊಟದ ಹಜಾರ, ಸ್ನಾನದ ಮನೆ, ಬಟ್ಟೆ ಒಗೆಯುವ ತೊಟ್ಟಿ. ಇಂಥ ಮೂರು ಆವರಣ ಸೇರಿದರೆ 3,000 ಜನರ ಶಿಬಿರ. ಅಮೆರಿಕನ್ನರ ಕಡೆಯಿಂದ ಕಂಪನಿಗೆ ಒಬ್ಬ ಅಧಿಕಾರಿ, ಜೊತೆಗೆ ದಾಸ್ತಾನು, ಅಡುಗೆಮನೆ, ಗುಮಾಸ್ತಿಕೆ ನೋಡಿಕೊಳ್ಳಲು ಕೆಲವು ಕೆಳದರ್ಜೆಯವರು. ಅಷ್ಟೇ.

ಇವರು ದಿನಕ್ಕೆ ಏನೇನು ನಡೆಸಬೇಕು? ಬೆಳಿಗ್ಗೆ ಸಂಜೆ ಹಾಜರಿ, ಮೂರು ಹೊತ್ತಿನ ಊಟ, ಕಾಯಿಲೆಯವರ ಪಟ್ಟಿ. ಬೆಳಕು ಹರಿಯುವ ಮುನ್ನ ಹೊಲಕ್ಕೋ ಕಾಡಿಗೋ ಹೋಗುವ ತಂಡಗಳನ್ನು ಹೊರಡಿಸಬೇಕು. ಕೂಲಿ ಕೂಪನ್ನು ಲೆಕ್ಕ ಹಾಕಿ ಹಂಚಬೇಕು, ಕಾಗದ ಪತ್ರ ವಿಂಗಡಿಸಬೇಕು, ರೆಡ್ ಕ್ರಾಸ್‌ನಿಂದ ಬಂದ ಪೆಟ್ಟಿಗೆ ಹಂಚಬೇಕು, ಹರಿದ ಹೊದಿಕೆ ಬದಲಿಸಬೇಕು. ಇದನ್ನೆಲ್ಲ ಯಾವ ಭಾಷೆಯಲ್ಲಿ ಹೇಳುವುದು? ಜರ್ಮನ್ ಚೆನ್ನಾಗಿ ಬಲ್ಲ ಅಮೆರಿಕನ್ ಸೈನಿಕರು ಇದ್ದರು, ಆದರೆ ಸೇನೆ ಅವರನ್ನು ಹೆಕ್ಕಿ ಮೇರಿಲ್ಯಾಂಡಿನ ಕ್ಯಾಂಪ್ ರಿಚಿಗೆ ಕಳಿಸಿ, ವಿಚಾರಣೆಯ ತರಬೇತಿ ಕೊಟ್ಟು, ರಣರಂಗಕ್ಕೆ ಅಟ್ಟುತ್ತಿತ್ತು. ಅಲ್ಲಿ ಅವರ ಅಗತ್ಯ ಇನ್ನೂ ಹೆಚ್ಚಿತ್ತು. ಕೈದಿಗಳ ಶಿಬಿರಕ್ಕೆ ಉಳಿದವರು ಮುಂಚೂಣಿಗೆ ಒಗ್ಗದವರು: ಕಣ್ಣು ಮಂದವಾದವರು, ವಯಸ್ಸಾದವರು, ಗಾಯಗೊಂಡು ಮರಳಿದವರು. ಅವರಲ್ಲಿ ಬಹಳ ಮಂದಿಗೆ ಜರ್ಮನ್ ಭಾಷೆಯ ಗಂಧವೂ ಇರಲಿಲ್ಲ.

ಇಂಥ ಕಡೆ ಎದುರಿಗೆ ನಿಂತಿದ್ದವರು ಉತ್ತರ ಆಫ್ರಿಕಾದಲ್ಲಿ ಕಾದಿದ್ದ ಜರ್ಮನ್ ಪಡೆ ಆಫ್ರಿಕಾ ಕೋರ್‌ನ ಸಾರ್ಜೆಂಟ್‌ಗಳು. ಸಾವಿರ ಜನರನ್ನು ಐದು ನಿಮಿಷದಲ್ಲಿ ಸಾಲಾಗಿ ನಿಲ್ಲಿಸಬಲ್ಲವರು. ಅವರನ್ನು ಬಳಸಿಕೊಳ್ಳದೆ ಬಿಟ್ಟಿದ್ದರೆ ಪ್ರತಿ ಶಿಬಿರಕ್ಕೂ ಹೆಚ್ಚುವರಿ ಪಹರೆ, ಹೆಚ್ಚುವರಿ ದುಭಾಷಿ, ಹೆಚ್ಚುವರಿ ಗುಮಾಸ್ತ ಬೇಕಾಗುತ್ತಿತ್ತು. ಅದೂ 1944ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಕದನಕ್ಕೆ ಜನ ಸಾಲದಿದ್ದಾಗ.

ಕಾನೂನು ಏನು ಹೇಳುತ್ತಿತ್ತು? ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ 1929ರ ಜಿನೀವಾ ಒಪ್ಪಂದದ 43ನೇ ವಿಧಿಯ ಪ್ರಕಾರ ಕೈದಿಗಳು ತಮ್ಮ ಪ್ರತಿನಿಧಿಗಳನ್ನು ನೇಮಿಸಿಕೊಳ್ಳಬಹುದು. ಸಾಮೂಹಿಕವಾಗಿ ಬಂದ ಸಾಮಾನು ಪಡೆದು ಹಂಚುವ ಹೊಣೆಯೂ ಆ ಪ್ರತಿನಿಧಿಗಳದೇ. 27ನೇ ವಿಧಿಯ ಪ್ರಕಾರ ಸಾರ್ಜೆಂಟ್ ದರ್ಜೆಯವರಿಂದ ಮೈಗೆಲಸ ಮಾಡಿಸುವಂತಿಲ್ಲ, ಮೇಲ್ವಿಚಾರಣೆ ಮಾತ್ರ ಮಾಡಿಸಬಹುದು. ದರ್ಜೆಯ ಬಿಲ್ಲೆ ಧರಿಸುವ ಹಕ್ಕೂ ಕೈದಿಗೆ ಇತ್ತು. ಅಂದರೆ ಶ್ರೇಣಿವ್ಯವಸ್ಥೆ ಬೇಲಿಯೊಳಗೂ ಉಳಿಯಲಿ ಎಂದೇ ಒಪ್ಪಂದದ ಆಶಯ. ಜರ್ಮನ್ ಕೈದಿಗಳ ಹಿತ ನೋಡಲು ತಟಸ್ಥ ದೇಶವಾದ ಸ್ವಿಟ್ಜರ್ಲೆಂಡಿನಿಂದ ನೇಮಕವಾದ ಸ್ವಿಸ್ ಪ್ರತಿನಿಧಿಗಳು ಶಿಬಿರಕ್ಕೆ ಬಂದಾಗ ಮೊದಲು ಕೇಳುತ್ತಿದ್ದದ್ದೇ ಕೈದಿಗಳ ವಕ್ತಾರನನ್ನು.

ಇದರ ಇನ್ನೊಂದು ಮಗ್ಗುಲು ಜರ್ಮನಿಯಲ್ಲಿತ್ತು. ಅಲ್ಲಿ 90,000ಕ್ಕೂ ಹೆಚ್ಚು ಅಮೆರಿಕನ್ ಕೈದಿಗಳಿದ್ದರು. ಅವರಿಗೂ ಇದೇ ವಿಧಿಯ ಆಸರೆ: ತಮ್ಮವನೇ ಒಬ್ಬ ಪ್ರತಿನಿಧಿ, ತಮ್ಮವರ ಕೈಯಿಂದಲೇ ರೆಡ್ ಕ್ರಾಸ್ ಪೆಟ್ಟಿಗೆಗಳ ಹಂಚಿಕೆ. 1945ರ ಜನವರಿಯಲ್ಲಿ ಜೀಗನ್‌ಹೈನ್‌ನ ಸ್ಟಾಲಾಗ್ 9-ಎ ಶಿಬಿರದಲ್ಲಿ ಯಹೂದಿ ಕೈದಿಗಳು ಮಾತ್ರ ಹೊರಗೆ ಬಂದು ನಿಲ್ಲಬೇಕೆಂದು ಆಜ್ಞೆಯಾಯಿತು. ಅಲ್ಲಿ ಹಿರಿಯ ದರ್ಜೆಯವನಾಗಿದ್ದ ಮಾಸ್ಟರ್ ಸಾರ್ಜೆಂಟ್ ರಾಡಿ ಎಡ್ಮಂಡ್ಸ್ ಮರುದಿನ ಬೆಳಿಗ್ಗೆ 1,275 ಅಮೆರಿಕನ್ನರನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಿ, ಇಲ್ಲಿರುವವರೆಲ್ಲ ಯಹೂದಿಗಳೇ ಎಂದ. ಕಮಾಂಡರ್ ಪಿಸ್ತೂಲು ತೋರಿಸಿದರೂ ಜಗ್ಗಲಿಲ್ಲ. ಸುಮಾರು 200 ಯಹೂದಿ ಸೈನಿಕರು ಉಳಿದುಕೊಂಡರು. ಬೇಲಿಯೊಳಗೆ ತಮ್ಮವರ ಮಾತನ್ನೇ ಕೇಳುವ ಶ್ರೇಣಿಯೊಂದು ಗಟ್ಟಿಯಾಗಿ ಉಳಿದಿದ್ದರಿಂದ ಇದು ಸಾಧ್ಯವಾಯಿತು. ಅಮೆರಿಕ ಟೆಕ್ಸಾಸಿನಲ್ಲಿ ಆ ಶ್ರೇಣಿಯನ್ನು ಒಡೆದಿದ್ದರೆ ಜರ್ಮನಿ ತನ್ನ ಶಿಬಿರಗಳಲ್ಲಿ ಒಡೆಯಲು ನೆಪ ಹುಡುಕಬೇಕಿರಲಿಲ್ಲ.

ದುಡಿಮೆಯ ವಿಷಯ ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಈ ಏರ್ಪಾಡಿನ ಫಲ ಕಣ್ಣಿಗೆ ಕಂಡದ್ದು ಅಲ್ಲಿ. ರೈತನೊಬ್ಬನಿಗೆ ಹತ್ತಿ ಬಿಡಿಸಲೋ ಸಕ್ಕರೆ ಬೀಟ್ ಕೀಳಲೋ ಕೈದಿಗಳು ಬೇಕೆಂದರೆ, ಆ ಪ್ರದೇಶದಲ್ಲಿ ಬೇರೆ ಕೂಲಿಗಳು ಸಿಗುತ್ತಿಲ್ಲ ಎಂದು ಸರ್ಕಾರಿ ಇಲಾಖೆ ಮೊದಲು ದೃಢೀಕರಿಸಬೇಕು. ಆಮೇಲೆ ಒಪ್ಪಂದ. ಸ್ಥಳೀಯ ಕೂಲಿಯ ದರ ಎಷ್ಟೋ ಅಷ್ಟನ್ನು ರೈತ ಸರ್ಕಾರಕ್ಕೆ ಕಟ್ಟಬೇಕು. ಅದರಲ್ಲಿ ಕೈದಿಗೆ ಸಿಗುವುದು ದಿನಕ್ಕೆ 80 ಸೆಂಟ್. ಕೆಲಸವಿರಲಿ ಇಲ್ಲದಿರಲಿ, ಚಿಲ್ಲರೆ ಖರ್ಚಿಗೆಂದು ದಿನಕ್ಕೆ 10 ಸೆಂಟ್ ಬೇರೆ. ಎಲ್ಲವೂ ಕ್ಯಾಂಟೀನ್ ಕೂಪನ್ನಿನ ರೂಪದಲ್ಲಿ. ನಗದು ಕೊಟ್ಟರೆ ಅದು ಓಡಿಹೋಗುವವನ ದಾರಿ ಖರ್ಚಾಗುತ್ತದೆ.

ಮೊದಮೊದಲು ಪಹರೆಯವರೇ ತಂಡದ ದೊಡ್ಡ ಭಾಗವಾಗಿರುತ್ತಿದ್ದರು. 1944ರಿಂದ ಸೇನೆ ಲೆಕ್ಕ ಹಾಕಿ ಅಪಾಯ ಮೈಮೇಲೆ ಹಾಕಿಕೊಂಡಿತು: ಹತ್ತು ಕೈದಿಗೆ ಒಬ್ಬ ಬಂದೂಕಿನವ ಸಾಕು, ಕೆಲವೆಡೆ ಅದೂ ಬೇಡ. ಆ ಹತ್ತು ಜನರ ಜೊತೆ ಜರ್ಮನ್ ಮೇಸ್ತ್ರಿಯೊಬ್ಬ ಇದ್ದುದರಿಂದಲೇ ಇದು ನಡೆಯಿತು. ಹತ್ತಿಯನ್ನು ಕಂಡೇ ಇರದ ಹ್ಯಾಂಬರ್ಗಿನ ಹುಡುಗನಿಗೆ ಕಾಯಿ ಬಿಟ್ಟು ಅರಳೆ ಮಾತ್ರ ಹೇಗೆ ಕೀಳಬೇಕೆಂದು ಹೇಳಿಕೊಡುವುದರಿಂದ ಹಿಡಿದು, ಸಂಜೆ ಚೀಲದ ತೂಕ ಸಾಲದೆ ಬಂದರೆ ಗದರುವವರೆಗೆ ಎಲ್ಲ ಅವನದೇ. ಮುಷ್ಕರವಾದಾಗ ಬ್ರೆಡ್ಡು ನೀರು ಮಾತ್ರ ಕೊಟ್ಟು ಒತ್ತಡ ಹೇರುವ ಅಧಿಕಾರ ಕಮಾಂಡರನಿಗಿತ್ತು ನಿಜ. ವಕ್ತಾರನೇ ಹೋಗಿ ನಾಲ್ಕು ಮಾತಾಡಿದರೆ ಅದು ಬೇಕಾಗುತ್ತಿರಲಿಲ್ಲ.

ಈಗ ಕೊಲೆಗಳಿಗೆ ಬರೋಣ, ಏಕೆಂದರೆ ವಿರೋಧಿಗಳ ದೊಡ್ಡ ಅಸ್ತ್ರ ಅದೇ. ಬೇಲಿಯೊಳಗೆ ನಾಜಿಗಳು ತಮ್ಮವರನ್ನೇ ಕೊಂದದ್ದು ಸುಳ್ಳಲ್ಲ. ಆದರೆ ವಿಚಾರಣೆಯವರೆಗೆ ಬಂದ ಕೊಲೆಗಳು ಬೆರಳೆಣಿಕೆಯಷ್ಟು, ಮೂರೂ ಮುಕ್ಕಾಲು ಲಕ್ಷ ಜನರ ನಡುವೆ. ಬ್ರಿಟಿಷರ ಬಳಿ ಜರ್ಮನ್ ಬಲ್ಲ ಅನುಭವಿ ವಿಚಾರಕರಿದ್ದರು. ಅವರು ಕೈದಿಗಳನ್ನು ಬಿಳಿ (ನಾಜಿವಿರೋಧಿ), ಬೂದು (ನಡುವಿನವರು), ಕಪ್ಪು (ಕಟ್ಟಾ ನಾಜಿ) ಎಂದು ವಿಂಗಡಿಸುತ್ತಲೂ ಇದ್ದರು. ಆದರೂ 1944ರ ಡಿಸೆಂಬರಿನಲ್ಲಿ ಸ್ಕಾಟ್‌ಲ್ಯಾಂಡಿನ ಕಾಮ್ರಿ ಶಿಬಿರದಲ್ಲಿ ವೊಲ್ಫ್‌ಗಾಂಗ್ ರೋಸ್ಟರ್ಗ್‌ನನ್ನು ಸಹಕೈದಿಗಳೇ ಹೊಡೆದು ನೇಣಿಗೇರಿಸಿದರು. ಕೆನಡಾದ ಮೆಡಿಸಿನ್ ಹ್ಯಾಟ್‌ನಲ್ಲಿ 1943ರಲ್ಲಿ ಒಂದು, 1944ರಲ್ಲಿ ಇನ್ನೊಂದು ಇಂಥದೇ ಕೊಲೆ. ವಿಂಗಡಣೆ ಮಾಡಿದ ಮಾತ್ರಕ್ಕೆ ಹಗೆ ಹೊರಗೆ ಹೋಗುವುದಿಲ್ಲ.

ವಿಂಗಡಣೆ ಅಮೆರಿಕದಲ್ಲೂ ಆಗಿತ್ತು. ಉಗ್ರ ನಾಜಿಗಳನ್ನು ಗುರುತಿಸಿ ಓಕ್ಲಹೋಮಾದ ಆಲ್ವಾ ಶಿಬಿರಕ್ಕೆ ಕಳಿಸಿ ಎಂದು 1943ರಲ್ಲೇ ಸೂಚನೆ ಹೋಯಿತು. ಆದದ್ದೇನು? ಕಮಾಂಡರ್‌ಗಳು ಸೋಮಾರಿಗಳನ್ನು, ಜಗಳಗಂಟರನ್ನು, ಒಂದಿಷ್ಟು ತಲೆಹರಟೆಗಳನ್ನು ಆಲ್ವಾಕ್ಕೆ ಸಾಗಹಾಕಿದರು. ಅಚ್ಚುಕಟ್ಟಾಗಿ ಅಡುಗೆಮನೆ ನಡೆಸುತ್ತಿದ್ದ ನಿಜವಾದ ನಾಜಿ ಅಲ್ಲೇ ಉಳಿದ. ಯಾರು ನಾಜಿ ಎಂದು ತಿಳಿಯುವುದಾದರೂ ಹೇಗೆ? ಸೈನಿಕನ ದಾಖಲೆ ಪುಸ್ತಕವನ್ನು ಹಿಡಿದವರೇ ನೆನಪಿನ ಕಾಣಿಕೆ ಎಂದು ಎಷ್ಟೋ ಸಲ ಕಿತ್ತುಕೊಂಡಿರುತ್ತಿದ್ದರು. ನಾರ್ಮಂಡಿಯ ನಂತರ ಸಿಕ್ಕವರಲ್ಲಿ ತಾನು ನಾಜಿಯೇ ಅಲ್ಲ ಎನ್ನುವವರ ಸಾಲು ದೊಡ್ಡದಿತ್ತು. ಆ ಮಾತುಗಳನ್ನು ನಂಬಿ ಶಿಬಿರದ ಕೀಲಿಕೈ ಕೊಡುವುದು ಇನ್ನೊಂದು ಬಗೆಯ ಜೂಜು.

ಅಮೆರಿಕದ ಶಿಬಿರಗಳಲ್ಲಿ ಒಂದೇ ಸಲಕ್ಕೆ ಅತಿ ಹೆಚ್ಚು ಜರ್ಮನ್ ಕೈದಿಗಳ ಕೊಲೆಯಾದದ್ದು ಜರ್ಮನ್ ಸಾರ್ಜೆಂಟ್‌ಗಳ ಕೈಯಿಂದ ಅಲ್ಲ ಎಂಬುದನ್ನೂ ಮರೆಯಬಾರದು. 1945ರ ಜುಲೈ 8ರ ನಡುರಾತ್ರಿ, ಯೂಟಾದ ಸಲೈನಾ ಉಪಶಿಬಿರದಲ್ಲಿ, ಯುರೋಪಿನ ಯುದ್ಧ ಮುಗಿದು ಎರಡು ತಿಂಗಳಾದ ಮೇಲೆ, ಅಮೆರಿಕನ್ ಪಹರೆಯವನೊಬ್ಬ ಗೋಪುರದ ಮೆಷಿನ್ ಗನ್ ತಿರುಗಿಸಿ ಮಲಗಿದ್ದವರ ಡೇರೆಗಳ ಮೇಲೆ ಗುಂಡಿನ ಮಳೆಗರೆದ. ಒಂಬತ್ತು ಜನ ಸತ್ತರು.

ಇನ್ನು ಒಳಾಡಳಿತ ಕೈದಿಗಳದೇ ಆದದ್ದರಿಂದ ಹುಟ್ಟಿದ ಒಳಿತು. ಮಿಸಿಸಿಪ್ಪಿಯ ಕ್ಯಾಂಪ್ ಕೋಮೋದಲ್ಲಿ ಕಾನೂನು ಪ್ರಾಧ್ಯಾಪಕ ವಾಲ್ಟರ್ ಹಾಲ್‌ಸ್ಟೈನ್ ಶಿಬಿರದ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಮುಂದೆ 1958ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯದ ಆಯೋಗಕ್ಕೆ ಮೊದಲ ಅಧ್ಯಕ್ಷರಾದವರು ಇವರೇ. ಶಿಬಿರ ಶಿಬಿರಗಳಲ್ಲಿ ಗಣಿತ, ಇಂಗ್ಲಿಷ್, ಲೆಕ್ಕಪತ್ರ, ತೋಟಗಾರಿಕೆಯ ತರಗತಿಗಳು ನಡೆದವು. ಪಾಠ ಮಾಡಿದವರೂ ಕೈದಿಗಳೇ, ಪರೀಕ್ಷೆ ನಡೆಸಿದವರೂ ಕೈದಿಗಳೇ. ಅಮೆರಿಕನ್ನರು ಪುಸ್ತಕ ತರಿಸಿಕೊಟ್ಟು ಪಕ್ಕಕ್ಕೆ ಸರಿದು ನಿಂತದ್ದೇ ಅದರ ಗುಟ್ಟು.

ವಿರೋಧ: ರಾತ್ರಿ ದೀಪ ಆರಿದ ಮೇಲೆ

ಯೋಹಾನೆಸ್ ಕುನ್ಸೆ ಆಫ್ರಿಕಾ ಕೋರ್‌ನ ಸಾಮಾನ್ಯ ಸಿಪಾಯಿ, ಓಕ್ಲಹೋಮಾದ ಟಾಂಕಾವಾ ಶಿಬಿರದಲ್ಲಿದ್ದ. ಕಾಯಿಲೆಯವರ ಸಾಲಿನಲ್ಲಿ ನಿಂತು ಅಮೆರಿಕನ್ ವೈದ್ಯನ ಬಳಿ ಹೋದಾಗ ಅವನ ಕೈಗೆ ಜರ್ಮನ್ ಭಾಷೆಯಲ್ಲಿ ಮಾಹಿತಿ ಬರೆದ ಚೀಟಿ ಕೊಡುತ್ತಿದ್ದ. ಒಂದು ಚೀಟಿ ಬೇರೆಯವರ ಕೈಗೆ ಸಿಕ್ಕಿತು, ಕೈಬರಹ ಪತ್ತೆಯಾಯಿತು. 1943ರ ನವೆಂಬರ್ 4ರ ರಾತ್ರಿ ಕಂಪನಿಯ ಸಾರ್ಜೆಂಟ್ ವಾಲ್ಟರ್ ಬೇಯರ್ ಊಟದ ಹಜಾರದಲ್ಲಿ ಎಲ್ಲರನ್ನೂ ಕೂಡಿಸಿ ‘ವಿಚಾರಣೆ’ ನಡೆಸಿದ. ಹಾಲಿನ ಬಾಟಲಿ, ಹಲಗೆ ತುಂಡುಗಳಿಂದ ಜನ ಕುನ್ಸೆಯನ್ನು ಅಲ್ಲೇ ಹೊಡೆದು ಕೊಂದರು. ಅಮೆರಿಕನ್ ಪಹರೆ ಗೋಪುರದಲ್ಲಿತ್ತು. ಹಜಾರ ಅಮೆರಿಕನ್ನರದು, ಹಾಲಿನ ಬಾಟಲಿಯೂ ಅವರದೇ. ಆ ಹೊತ್ತಿನ ಅಧಿಕಾರ ಮಾತ್ರ ಬೇಯರನದು.

ಆ ಅಧಿಕಾರ ಬೇಯರನ ಕೈಗೆ ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡಿದರೆ, ಪರ ಲೇಖನ ಹೊಗಳಿದ ದಕ್ಷತೆಯ ಬೇರು ಕಾಣುತ್ತದೆ. ಅಮೆರಿಕನ್ನರು ಮೊದಲಿಗೆ ಜರ್ಮನ್ ಅಧಿಕಾರಿಗಳನ್ನು ಪ್ರತ್ಯೇಕ ಶಿಬಿರ ಅಥವಾ ಆವರಣಗಳಿಗೆ ಕಳಿಸಿದರು. ಸಾಮಾನ್ಯ ಸಿಪಾಯಿಗಳ ಮೇಲೆ ಉಳಿದ ಅತಿ ಹಿರಿಯರೆಂದರೆ ಸಾರ್ಜೆಂಟ್‌ಗಳು, ಅವರಲ್ಲೂ ಮೊದಲು ಬಂದವರು 1943ರ ಆಫ್ರಿಕಾ ಕೋರ್‌ನವರು. ಜರ್ಮನಿ ಗೆಲ್ಲುತ್ತದೆಂದೇ ನಂಬಿದ್ದವರು, ಸ್ವಂತ ನಗರಗಳ ಅವಶೇಷ ಕಾಣದವರು. 27ನೇ ವಿಧಿಯಂತೆ ಇವರು ದುಡಿಯಬೇಕಾಗಿರಲಿಲ್ಲ. ಸಿಪಾಯಿ ಬೆಳಿಗ್ಗೆ ಹತ್ತಿ ಹೊಲಕ್ಕೆ ಹೋಗಿ ಸಂಜೆ ಸುಸ್ತಾಗಿ ಬರುವಾಗ, ಇಡೀ ದಿನ ಶಿಬಿರದಲ್ಲಿ ಕೈಖಾಲಿ ಕುಳಿತವನು ಸಾರ್ಜೆಂಟ್. ಸಾಲದ್ದಕ್ಕೆ, ಮೊದಲ ವರ್ಷ ಅನೇಕ ಕಡೆ ಬಾಯಿಮಾತಿಗೇ ಸಾರ್ಜೆಂಟ್ ಎಂದು ಬರೆದುಕೊಂಡರು. ದಾಖಲೆ ತೋರಿಸದವನನ್ನು ಸಾಮಾನ್ಯ ಸಿಪಾಯಿ ಎಂದೇ ಎಣಿಸಬೇಕೆಂಬ ಕಟ್ಟುನಿಟ್ಟು ಬಂದದ್ದು ಆಮೇಲೆ.

ಹೀಗೆ ಕುಳಿತವನ ಕೈಗೆ ಒಂದೊಂದೇ ಬಾಗಿಲು ಬಂತು. ಅಡುಗೆಮನೆಗೆ ಯಾರು, ಗ್ರಂಥಾಲಯಕ್ಕೆ ಯಾರು, ಕ್ಯಾಂಟೀನ್ ಗಲ್ಲಾಪೆಟ್ಟಿಗೆಗೆ ಯಾರು ಎಂದು ಹೆಸರು ಕೊಡುವವನು ವಕ್ತಾರ. ಕಾಯಿಲೆಯವರ ಪಟ್ಟಿ ಅವನ ಕೈದಾಟಿ ಹೋಗಬೇಕು. ದುಭಾಷಿಯೂ ಅವನ ಕಡೆಯವನೇ. ಕೈದಿಯೊಬ್ಬ ಅಮೆರಿಕನ್ ಅಧಿಕಾರಿಗೆ ದೂರು ಹೇಳಬೇಕೆಂದರೆ, ಯಾರ ಮೇಲೆ ದೂರೋ ಅವರ ಬಾಯಿಂದಲೇ ಅದು ಇಂಗ್ಲಿಷಿಗೆ ತಿರುಗಬೇಕು. ಅಂಚೆಯಂತೂ ಇನ್ನೂ ಕೆಟ್ಟದು. ದೇಶದ ಜರ್ಮನ್ ಕೈದಿಗಳ ಅಂಚೆ ವಿಂಗಡಿಸುವ ಕೆಲಸವನ್ನು ಟೆಕ್ಸಾಸಿನ ಹರ್ನ್ ಶಿಬಿರಕ್ಕೆ ತಂದು, ಅಲ್ಲಿನ ಕೈದಿಗಳಿಂದಲೇ ಮಾಡಿಸಿದರು. ಶಿಬಿರದಿಂದ ಶಿಬಿರಕ್ಕೆ ಗುಟ್ಟಿನ ಸುದ್ದಿ ದಾಟಿಸಲು ನಾಜಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾರು ಮಾಡಿಕೊಟ್ಟಾರು? ಅದೇ ಹರ್ನ್‌ನಲ್ಲಿ 1943ರ ಡಿಸೆಂಬರಿನಲ್ಲಿ ಹ್ಯೂಗೋ ಕ್ರೌಸ್ ಎಂಬವನನ್ನು ಮಲಗಿದ್ದಲ್ಲೇ ಹೊಡೆದರು; ಕೆಲವು ದಿನಗಳಲ್ಲಿ ಸತ್ತ. ಬಾಲ್ಯದಲ್ಲಿ ನ್ಯೂಯಾರ್ಕಿನಲ್ಲಿದ್ದು ಇಂಗ್ಲಿಷ್ ಬಲ್ಲವನಾಗಿದ್ದದ್ದು, ದುಭಾಷಿಯಾಗಿ ಅಮೆರಿಕನ್ನರ ಜೊತೆ ಮಾತಾಡುತ್ತಿದ್ದದ್ದು ಅವನ ತಪ್ಪು.

ಕೊಲೆಗಳು ಬೆರಳೆಣಿಕೆಯಷ್ಟು ಎನ್ನುತ್ತದೆ ಪರ ಲೇಖನ. ಸರಿ, ಅಷ್ಟೇ ಸಾಕಿತ್ತು. ಸಾವಿರ ಜನರ ಬಾಯಿ ಮುಚ್ಚಿಸಲು ಆವರಣಕ್ಕೊಂದು ಕೊಲೆ ಬೇಕಿಲ್ಲ. ಟಾಂಕಾವಾದ ಸುದ್ದಿ ಬೇರೆ ಶಿಬಿರ ಮುಟ್ಟಿದರೆ ಸಾಕು. ಕೊಲೆಗೆ ಮುಟ್ಟದ ಹೊಡೆತಗಳಿಗೆ ಕೈದಿಗಳು ‘ಪವಿತ್ರಾತ್ಮ’ ಎಂದು ಅಡ್ಡಹೆಸರಿಟ್ಟಿದ್ದರು: ದೀಪ ಆರಿದ ಮೇಲೆ ಗುಂಪೊಂದು ಬರುತ್ತದೆ, ಹೊದಿಕೆ ಮುಸುಕಿ ಹೊಡೆಯುತ್ತದೆ, ಬೆಳಿಗ್ಗೆ ಯಾರೂ ಏನೂ ಕಂಡಿರುವುದಿಲ್ಲ. ಅದಕ್ಕಿಂತ ಹರಿತವಾದದ್ದು ಊರಿನ ಬೆದರಿಕೆ. ಗಾಯಾಳುಗಳ ವಿನಿಮಯದಲ್ಲಿ ಆಗಾಗ ಕೆಲವರು ಜರ್ಮನಿಗೆ ಮರಳುತ್ತಿದ್ದರು. ನಿನ್ನ ಹೆಸರು ಅವರ ಜೊತೆ ಹೋಗುತ್ತದೆ, ನಿನ್ನ ಹೆಂಡತಿ ಮಕ್ಕಳು ಅಲ್ಲಿದ್ದಾರೆ ಎಂದರೆ ಮುಗಿಯಿತು. ಇಂಥ ಭಯ ಯಾವ ಅಂಕಿಅಂಶದ ಕೋಷ್ಟಕದಲ್ಲೂ ಬರುವುದಿಲ್ಲ. ಐದು ನಿಮಿಷದಲ್ಲಿ ಸಾವಿರ ಜನ ಸಾಲಾಗಿ ನಿಂತದ್ದನ್ನು ಕಂಡು ಕಮಾಂಡರ್ ಖುಷಿಪಟ್ಟ. ಯಾಕೆ ನಿಂತರೆಂದು ಕೇಳಲಿಲ್ಲ.

ಅರಿಜೋನಾದ ಪಪಾಗೊ ಪಾರ್ಕ್ ಶಿಬಿರದ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ವೆರ್ನರ್ ಡ್ರೆಕ್ಸ್‌ಲರ್ ಮುಳುಗಿಸಲ್ಪಟ್ಟ ಯು-118 ಜಲಾಂತರ್ಗಾಮಿಯ ನಾವಿಕ. ಫೋರ್ಟ್ ಮೀಡ್‌ನಲ್ಲಿ ಬೇರೆ ಹೆಸರಿನಲ್ಲಿ ಸಹಕೈದಿಗಳಿಂದ ಮಾಹಿತಿ ಕೆದಕಿ ಅಮೆರಿಕನ್ನರಿಗೆ ಕೊಡುತ್ತಿದ್ದ. ಅವನನ್ನು ನೌಕಾಪಡೆಯ ಇತರ ಕೈದಿಗಳ ಜೊತೆ ಇಡಬಾರದೆಂದು ಶಿಫಾರಸು ಇತ್ತು. ಆದರೂ 1944ರ ಮಾರ್ಚ್ 12ರಂದು ಜಲಾಂತರ್ಗಾಮಿ ನಾವಿಕರೇ ತುಂಬಿದ್ದ ಪಪಾಗೊ ಪಾರ್ಕ್‌ಗೆ ತಂದು ಬಿಟ್ಟರು. ಹಳೆಯ ಜೊತೆಗಾರರು ಗುರುತು ಹಿಡಿದರು. ಅದೇ ರಾತ್ರಿ ಸ್ನಾನದ ಮನೆಯಲ್ಲಿ ನೇಣು. ಇದನ್ನು ಗುಮಾಸ್ತನ ತಪ್ಪು ಎಂದು ತಳ್ಳಿಹಾಕುವವರಿದ್ದಾರೆ. ಕಾಗದದ ತಪ್ಪು ಒಂದು ಮಧ್ಯಾಹ್ನದ್ದು. ಆದರೆ ತೀರ್ಪು ಕೊಟ್ಟು, ಆಳು ಗೊತ್ತುಮಾಡಿ, ಹಗ್ಗ ತಂದು, ಬೆಳಗಾಗುವುದರೊಳಗೆ ಮುಗಿಸುವ ಯಂತ್ರ ಮೊದಲೇ ಸಿದ್ಧವಾಗಿತ್ತಲ್ಲ, ಅದು ಯಾರ ತಪ್ಪು?

ಅದೇ ವರ್ಷದ ಕೊನೆಗೆ ಸುರಂಗ. ಕಾಟ ಕೊಡುವವರೆಲ್ಲ ಒಂದೇ ಕಡೆ ಇದ್ದರೆ ಕಾಯುವುದು ಸುಲಭ ಎಂದುಕೊಂಡು ಶಿಬಿರದವರು ಚತುರ ನೌಕಾ ಅಧಿಕಾರಿಗಳನ್ನು ಒಂದೇ ಆವರಣಕ್ಕೆ ಸೇರಿಸಿದ್ದರು. ಆ ಆವರಣದ ಒಂದು ಮೂಲೆ ಗೋಪುರಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಅಲ್ಲಿನ ಭದ್ರತಾ ಅಧಿಕಾರಿ ಸೆಸಿಲ್ ಪಾರ್ಶಲ್ ಎಚ್ಚರಿಸಿದ್ದರೂ ಕೇಳಿದವರಿಲ್ಲ. ಕೈದಿಗಳು ಆ ಮೂಲೆಯ ಸ್ನಾನದ ಮನೆಯ ಪಕ್ಕದಿಂದಲೇ ಅಗೆದರು. ಅಗೆದ ಮಣ್ಣನ್ನು ಎಲ್ಲಿ ಹಾಕುವುದು? ಚೆಂಡಾಟದ ಅಂಗಳ ಮಾಡಿಕೊಳ್ಳುತ್ತೇವೆಂದು ಅನುಮತಿ ಕೇಳಿದರು. ಅಮೆರಿಕನ್ನರೇ ಸಲಿಕೆ, ಕುಂಟೆ ಕೊಟ್ಟರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ ಎನ್ನುವುದು ಇದಕ್ಕೇ. ಸುರಂಗ 178 ಅಡಿ ಉದ್ದ. 1944ರ ಡಿಸೆಂಬರ್ 23ರ ರಾತ್ರಿ 25 ಜನ ಹೊರಬಿದ್ದರು. ಗೊತ್ತಾದದ್ದು ಮರುದಿನ ಸಂಜೆ, ಅದೂ ಚಳಿ ಮಳೆಯಲ್ಲಿ ಹಸಿದ ಒಬ್ಬ ತಾನೇ ಹೋಗಿ ಪೊಲೀಸರಿಗೆ ಶರಣಾದ ಮೇಲೆ. ಕೊನೆಯವನಾದ ಕ್ಯಾಪ್ಟನ್ ಯುರ್ಗನ್ ವಾಟೆನ್‌ಬರ್ಗ್ ಸಿಕ್ಕಿದ್ದು ಜನವರಿ 28ರಂದು. (ಮೂವರು ಬಿಡಿ ಭಾಗಗಳ ದೋಣಿ ಹೊತ್ತು ನದಿಗೆ ಹೋದರು. ನಕ್ಷೆಯಲ್ಲಿ ನೀಲಿ ಗೆರೆಯಾಗಿದ್ದ ನದಿಯಲ್ಲಿ ದೋಣಿ ತೇಲುವಷ್ಟು ನೀರಿರಲಿಲ್ಲ. ಅರಿಜೋನಾ ಒಂದಾದರೂ ತನ್ನ ಕಾವಲು ಕೆಲಸ ಮಾಡಿತು.)

ಕಾನೂನಿನ ಮಾತಿಗೆ ಬಂದರೆ, ಪರ ಲೇಖನ 43ನೇ ವಿಧಿಯ ಅರ್ಧ ಮಾತ್ರ ಹೇಳಿದೆ. ಕೈದಿಗಳ ಪ್ರತಿನಿಧಿಯ ನೇಮಕ ಸೇನಾಧಿಕಾರಿಗಳ ಒಪ್ಪಿಗೆಗೆ ಒಳಪಟ್ಟಿದೆ ಎಂದೂ ಅದೇ ವಿಧಿ ಹೇಳುತ್ತದೆ. 18ನೇ ವಿಧಿ ಪ್ರತಿ ಶಿಬಿರವೂ ಹೊಣೆಯುಳ್ಳ ಅಧಿಕಾರಿಯೊಬ್ಬನ ಕೈಕೆಳಗೆ ಇರಬೇಕೆನ್ನುತ್ತದೆ, ಆ ಅಧಿಕಾರಿ ಕೈದಿಗಳನ್ನು ಹಿಡಿದ ದೇಶದವನು. ಪ್ರತಿನಿಧಿ ಮಾತನಾಡಲಿ, ಪೆಟ್ಟಿಗೆ ಹಂಚಲಿ, ಸ್ವಿಸ್ ಪ್ರತಿನಿಧಿಗೆ ದೂರು ಕೊಡಲಿ. ಯಾರು ಏನು ಓದಬೇಕು, ಯಾರು ವೈದ್ಯನ ಬಳಿ ಹೋಗಬೇಕು ಎಂದು ತೀರ್ಮಾನಿಸಲು ಯಾವ ವಿಧಿಯೂ ಅವನಿಗೆ ಅಧಿಕಾರ ಕೊಟ್ಟಿರಲಿಲ್ಲ.

ಎಡ್ಮಂಡ್ಸ್ ಕಥೆ ದೊಡ್ಡದು. ಆದರೆ ಅವನು ತನ್ನವರನ್ನು ಕಾಪಾಡಿದ್ದು ಸೆರೆಹಿಡಿದವರಿಂದ. ಕುನ್ಸೆಗೆ ಬೇಕಿದ್ದದ್ದು ತನ್ನವರಿಂದಲೇ ರಕ್ಷಣೆ, ಅದನ್ನು ಕೊಡಬೇಕಿದ್ದವರು ಸೆರೆಹಿಡಿದವರು. ಕಾಮ್ರಿ ಮತ್ತು ಮೆಡಿಸಿನ್ ಹ್ಯಾಟ್‌ಗಳ ಉದಾಹರಣೆ ಇನ್ನೂ ಸೋಜಿಗದ್ದು: ಅಲ್ಲೂ ಬೇಲಿಯೊಳಗೆ ಆಳುತ್ತಿದ್ದವರು ಕೈದಿಗಳೇ. ರೋಸ್ಟರ್ಗ್‌ನನ್ನಂತೂ ಉಗ್ರರ ಜೊತೆ ಉಗ್ರರ ಶಿಬಿರಕ್ಕೇ ಕಳಿಸಲಾಗಿತ್ತು. ಮೂರು ದೇಶಗಳಲ್ಲಿ ಒಂದೇ ಕಾಯಿಲೆ ಬಂದರೆ ಅದಕ್ಕೆ ಒಂದೇ ಕಾರಣ ಹುಡುಕುವುದು ಜಾಣತನ, ಯಾರದೂ ತಪ್ಪಲ್ಲ ಎನ್ನುವುದಲ್ಲ.

ವಿಂಗಡಿಸಲು ಆಗುತ್ತಿರಲಿಲ್ಲವಂತೆ. ಇದೇ 1943ರಲ್ಲಿ ಅಮೆರಿಕ ಸರ್ಕಾರ ತನ್ನದೇ ನೆಲದ ಜಪಾನೀ ಮೂಲದವರನ್ನು, ಬಹುಪಾಲು ತನ್ನ ಪ್ರಜೆಗಳನ್ನು, ಮುಳ್ಳುತಂತಿಯೊಳಗೆ ಕೂರಿಸಿ ಪ್ರಶ್ನಾವಳಿ ಹಂಚಿತು. ಸೇನೆಯಲ್ಲಿ ದುಡಿಯಲು, ಅಮೆರಿಕಕ್ಕೆ ನಿಷ್ಠರಾಗಿರಲು ಸಿದ್ಧವೇ ಎಂದು ಕೇಳಿದ 27 ಮತ್ತು 28ನೇ ಪ್ರಶ್ನೆಗಳಿಗೆ ಇಲ್ಲ ಎಂದವರನ್ನು ಹೆಕ್ಕಿ ಕ್ಯಾಲಿಫೋರ್ನಿಯಾದ ಟೂಲೆ ಲೇಕ್‌ಗೆ ಸಾಗಿಸಿತು. ಸ್ವಂತ ಸೇನೆಯಲ್ಲೇ ಕಪ್ಪು ಸೈನಿಕರಿಗೆ ಬೇರೆ ಬ್ಯಾರಕ್ಕು, ಬೇರೆ ಊಟದ ಮನೆ. 1944ರ ಏಪ್ರಿಲ್‌ನಲ್ಲಿ ಕಾರ್ಪೊರಲ್ ರೂಪರ್ಟ್ ಟ್ರಿಮಿಂಗ್‌ಹ್ಯಾಮ್ ಸೇನೆಯ ‘ಯಾಂಕ್’ ವಾರಪತ್ರಿಕೆಗೆ ಬರೆದ ಪತ್ರ ಪ್ರಕಟವಾಯಿತು: ಲೂಯಿಸಿಯಾನದ ರೈಲು ನಿಲ್ದಾಣದಲ್ಲಿ ತನಗೂ ಜೊತೆಗಿದ್ದ ಕಪ್ಪು ಸೈನಿಕರಿಗೂ ಊಟದ ಮನೆಯ ಮುಂಬಾಗಿಲು ಇಲ್ಲ, ಜರ್ಮನ್ ಕೈದಿಗಳೋ ಒಳಗೆ ಮೇಜಿನ ಮುಂದೆ ಕುಳಿತು ಉಣ್ಣುತ್ತಿದ್ದಾರೆ. ವಿಂಗಡಿಸುವುದು ಈ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ನಾಜಿಯನ್ನು ನಾಜಿಯಲ್ಲದವನಿಂದ ವಿಂಗಡಿಸುವಾಗ ಮಾತ್ರ ಜನ ಸಾಲದೆ ಬಂದರು.

ಮಾಡಬಹುದಾಗಿದ್ದ ಕೆಲಸಗಳು ದೊಡ್ಡವೇನಲ್ಲ, ಬಹುತೇಕವು ತಡವಾಗಿ ಆಗಿಯೂ ಆದವು. ಸಾರ್ಜೆಂಟ್‌ಗಳನ್ನು ಸಿಪಾಯಿಗಳಿಂದ ಬೇರೆ ಶಿಬಿರಕ್ಕೆ ಒಯ್ಯುವುದು ಮೊದಲನೆಯದು. ಅಧಿಕಾರಿಗಳ ವಿಷಯದಲ್ಲಿ ಮಾಡಿದ್ದನ್ನೇ ಇನ್ನೊಂದು ಮೆಟ್ಟಿಲು ಕೆಳಗೆ ಮಾಡುವುದು, ಅಷ್ಟೇ. ಬೆದರಿಕೆಗೆ ಒಳಗಾದವನು ಪಹರೆಯವನ ಬಳಿ ಬಂದು ನಿಂತರೆ ಪ್ರಶ್ನೆ ಕೇಳದೆ ಆ ರಾತ್ರಿಯೇ ಹೊರಗೆ ಒಯ್ಯುವುದು. ಇಂಥವರಿಗೆ ಮ್ಯಾಸಚೂಸೆಟ್ಸಿನ ಫೋರ್ಟ್ ಡೆವೆನ್ಸ್, ಕೆಂಟಕಿಯ ಕ್ಯಾಂಪ್ ಕ್ಯಾಂಪ್‌ಬೆಲ್‌ನಂಥ ಕಡೆ ಜಾಗ ಇತ್ತು. ಅಲ್ಲಿಗೆ ತಲುಪುವ ದಾರಿ ವಕ್ತಾರನ ಕೊಠಡಿಯ ಮೂಲಕ ಹಾದುಹೋಗುತ್ತಿದ್ದದ್ದೇ ತೊಂದರೆ. ಪ್ರತಿ ಶಿಬಿರಕ್ಕೆ ಜರ್ಮನ್ ಬಲ್ಲ ಒಬ್ಬ ಅಮೆರಿಕನ್ ಅಧಿಕಾರಿ: 1944ರ ಕೊನೆಗೆ ಕೈದಿಗಳ ಮನಸ್ಸನ್ನು ನಾಜಿವಾದದಿಂದ ತಿರುಗಿಸುವ ಮರುಶಿಕ್ಷಣದ ಗುಪ್ತ ಯೋಜನೆಗೆಂದು ಇಂಥವರನ್ನು ನೇಮಿಸಲು ಶುರುಮಾಡಿದರು, ಜನ ಸಿಕ್ಕರು. ಒಂದು ವರ್ಷ ಮುಂಚೆ ಹುಡುಕಿದ್ದರೆ ಸಿಗುತ್ತಿರಲಿಲ್ಲವೇ?

ತಡವಾದದ್ದಕ್ಕೆ ಬೆಲೆ ತೆತ್ತದ್ದು ಅದೇ ಯೋಜನೆ. ರೋಡ್ ಐಲ್ಯಾಂಡಿನ ಫೋರ್ಟ್ ಕೀರ್ನಿಯಲ್ಲಿ ನಾಜಿವಿರೋಧಿ ಕೈದಿಗಳು ‘ಡೆರ್ ರುಫ್’ ಪತ್ರಿಕೆ ತಯಾರಿಸಿದರು, ಮೊದಲ ಸಂಚಿಕೆ 1945ರ ಮಾರ್ಚಿನಲ್ಲಿ ಬಂತು, ಕ್ಯಾಂಟೀನಿನಲ್ಲಿ ಬೆಲೆ 5 ಸೆಂಟ್. ಸಾರ್ಜೆಂಟ್‌ನ ಹಿಡಿತ ಬಿಗಿಯಾಗಿದ್ದ ಕಡೆ ಅದನ್ನು ಕೊಳ್ಳಲು ಕೈ ಚಾಚುವುದೇ ಧೈರ್ಯದ ಕೆಲಸ. ಎರಡು ತಿಂಗಳಲ್ಲಿ ಜರ್ಮನಿ ಶರಣಾಯಿತು. ಪರ ಲೇಖನ ಹಾಲ್‌ಸ್ಟೈನ್ ಅವರ ವಿಶ್ವವಿದ್ಯಾಲಯ ತೋರಿಸಿದೆ. ಕೋಮೋ ಅಧಿಕಾರಿಗಳಿದ್ದ ಶಿಬಿರ, ಪ್ರಾಧ್ಯಾಪಕರಿದ್ದ ಶಿಬಿರ. ಟಾಂಕಾವಾದ ಸಿಪಾಯಿಗೆ ಆ ಭಾಗ್ಯವಿರಲಿಲ್ಲ.

ಸಹಕೈದಿಗಳನ್ನು ಕೊಂದ ಅಪರಾಧಕ್ಕೆ ಒಟ್ಟು 14 ಜರ್ಮನರನ್ನು ಕ್ಯಾನ್ಸಸಿನ ಫೋರ್ಟ್ ಲೆವನ್‌ವರ್ತ್‌ನಲ್ಲಿ ಗಲ್ಲಿಗೇರಿಸಿದರು. ಬೇಯರ್ ಸೇರಿ ಐವರನ್ನು 1945ರ ಜುಲೈ 10ರಂದು, ಡ್ರೆಕ್ಸ್‌ಲರ್‌ನನ್ನು ಕೊಂದ ಏಳು ಜನರನ್ನು ಆಗಸ್ಟ್ 25ರಂದು. ಜರ್ಮನಿಯಲ್ಲಿದ್ದ ಅಮೆರಿಕನ್ ಕೈದಿಗಳು ಬಿಡುಗಡೆಯಾಗುವವರೆಗೆ ಶಿಕ್ಷೆಯನ್ನು ತಡೆಹಿಡಿದಿದ್ದರು.

1949ರಲ್ಲಿ ಜಿನೀವಾ ಒಪ್ಪಂದವನ್ನು ಹೊಸದಾಗಿ ಬರೆದಾಗ 79ನೇ ವಿಧಿಯಲ್ಲಿ ಕೈದಿಗಳ ಪ್ರತಿನಿಧಿಯನ್ನು ಆರು ತಿಂಗಳಿಗೊಮ್ಮೆ ಗುಪ್ತ ಮತದಾನದಿಂದ ಆರಿಸಬೇಕೆಂದು ಸೇರಿಸಿದರು. ಹಳೆಯ 43ನೇ ವಿಧಿಯಲ್ಲಿ ಚುನಾವಣೆಯೂ ಇರಲಿಲ್ಲ, ಅವಧಿಯೂ ಇರಲಿಲ್ಲ. ಆದರೆ ಮತಪೆಟ್ಟಿಗೆ ಇಟ್ಟರೂ ಆವರಣದೊಳಗೆ ರಾತ್ರಿ ಯಾರಿರುತ್ತಾರೆ ಎಂಬುದನ್ನು ಅಮೆರಿಕದ ಸೇನೆ ಮತ್ತೆ ಮರೆಯಿತು. ಕೊರಿಯಾ ಯುದ್ಧದಲ್ಲಿ ದಕ್ಷಿಣ ಕೊರಿಯಾದ ಕೋಜೆ ದ್ವೀಪದ ಶಿಬಿರದ 76ನೇ ಆವರಣದಲ್ಲಿ 6,000ಕ್ಕೂ ಹೆಚ್ಚು ಕೈದಿಗಳನ್ನು ತುಂಬಿ, ಒಳಾಡಳಿತ ಅವರಿಗೇ ಬಿಟ್ಟು, ಪಹರೆಯವರು ಬೇಲಿಯ ಹೊರಗೆ ನಿಂತರು. 1952ರ ಮೇ 7ರಂದು ಶಿಬಿರದ ಕಮಾಂಡರ್ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್ ಕೈದಿಗಳ ವಕ್ತಾರರೊಂದಿಗೆ ಬಾಗಿಲ ಬಳಿ ಮಾತಾಡುತ್ತಿದ್ದಾಗ ಅವರನ್ನೇ ಒಳಗೆ ಎಳೆದುಕೊಂಡು ಹೋದರು. ಬಿಡಿಸಿಕೊಳ್ಳಲು ಮೂರು ದಿನ ಬೇಕಾಯಿತು. ಹೊಸ ಕಮಾಂಡರ್ ಹೇಡನ್ ಬೋಟ್ನರ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, 500 ಜನಕ್ಕೊಂದರಂತೆ ಚಿಕ್ಕ ಆವರಣಗಳನ್ನು ಕಟ್ಟಿಸಿದ್ದು. ಜೂನ್ 10ರಂದು ಟ್ಯಾಂಕುಗಳನ್ನೂ ಛತ್ರಿಸೈನಿಕರನ್ನೂ ತಂದು 76ನೇ ಆವರಣವನ್ನು ಒಡೆದು ಕೈದಿಗಳನ್ನು ಅಲ್ಲಿಗೆ ಸಾಗಿಸಿದರು. ಆ ಒಂದು ಬೆಳಿಗ್ಗೆ 30ಕ್ಕೂ ಹೆಚ್ಚು ಕೈದಿಗಳು ಸತ್ತರು.